ಫೋಟೋದ ‘ಬೊಕೆ’ಗೂ ಹೂವಿನ ಬೊಕೆಗೂ ಸಂಬಂಧವಿದೆಯೇ?

ಮದ್ದೂರಿನ ಆರತಕ್ಷತೆಯಲ್ಲಿ ವಧು-ವರರ ಕೈಗೆ ಕೊಡುವುದು ಹೂವಿನ ಬೊಕೆ. ಅವರ ಫೋಟೋದಲ್ಲಿ ಹಿಂದಿನ ಸೀರಿಯಲ್ ಸೆಟ್ ದೀಪಗಳು ಮಸುಕಾದ ದುಂಡು ಬಿಲ್ಲೆಗಳಂತೆ ಕಾಣುತ್ತವಲ್ಲ, ಅದಕ್ಕೂ ‘ಬೊಕೆ’ ಎನ್ನುತ್ತಾರೆ. ಎರಡೂ ಒಂದೇ ಪದವೇ? ಅಲ್ಲ.

ಹೂಗುಚ್ಛದ ಬೊಕೆ ಫ್ರೆಂಚ್ ಮೂಲದ್ದು. ಫೋಟೋದ ಬೊಕೆ ಜಪಾನಿ ಪದ, ಅರ್ಥ ‘ಮಸುಕು’. 1997ರಲ್ಲಿ ಅಮೆರಿಕದ ‘ಫೋಟೋ ಟೆಕ್ನಿಕ್ಸ್’ ಪತ್ರಿಕೆಯ ಸಂಪಾದಕ ಮೈಕ್ ಜಾನ್‌ಸ್ಟನ್, ಓದುವವರು ತಪ್ಪಾಗಿ ಉಚ್ಚರಿಸದಿರಲೆಂದು ಇಂಗ್ಲಿಷ್ ಕಾಗುಣಿತದ ಕೊನೆಗೆ ‘ಎಚ್’ ಸೇರಿಸಿದರು.

ಇದು ಮೂಡುವುದು ಹೇಗೆ? ಲೆನ್ಸ್‌ನ ಕಿಂಡಿ ಅಗಲವಾಗಿದ್ದರೆ, ಫೋಕಸ್‌ನಲ್ಲಿಲ್ಲದ ಬೆಳಕಿನ ಚುಕ್ಕಿ ಬಿಲ್ಲೆಯಾಗಿ ಹರಡುತ್ತದೆ. ಮೊಬೈಲ್ ಕ್ಯಾಮೆರಾದ ಕಿಂಡಿ ತೀರಾ ಚಿಕ್ಕದು. ಅದಕ್ಕೇ ಪೋರ್ಟ್ರೇಟ್ ಮೋಡ್‌ನಲ್ಲಿ ಸಾಫ್ಟ್‌ವೇರ್ ಲೆಕ್ಕ ಹಾಕಿ ಹಿನ್ನೆಲೆಯನ್ನು ಮಸುಕು ಮಾಡುತ್ತದೆ. ಈ ಲೆಕ್ಕ ಕೆಲವೊಮ್ಮೆ ತಪ್ಪುತ್ತದೆ. ಮಂಡ್ಯದ ಕಬ್ಬಿನ ಗದ್ದೆಯಲ್ಲಿ ನಿಂತವರ ಫೋಟೋ ತೆಗೆದರೆ ತಲೆಗೂದಲು, ಸೋಗೆಯ ಅಂಚು ಕತ್ತರಿಸಿ ಅಂಟಿಸಿದಂತೆ ಕಾಣಬಹುದು.

ಹಾಗಾಗಿ ‘ಅಂಚು ನೋಡಿ, ಇದು ನಕಲಿ ಫೋಟೋ’ ಎಂಬ ಮೆಸೇಜನ್ನು ನಿಮ್ಮ ಮಳವಳ್ಳಿ ಗ್ರೂಪಿಗೆ ಕಳಿಸುವ ಮುನ್ನ ತಾಳಿ. ನಾವು ಹೇಳುವುದಿಷ್ಟೇ: ಮಸುಕೊಂದರಿಂದಲೇ ಫೋಟೋ ಸುಳ್ಳಾಗದು. ಅದು ಎಲ್ಲಿಯದು, ಯಾವಾಗಿನದು ಎಂದು ಮೊದಲು ಹುಡುಕಿ.