ಬೇಗೂರಿನ ಕಲ್ಲು, ನಮ್ಮೂರಿನ ಕಲ್ಲು

ಬೇಗೂರಿನಲ್ಲಿ ನಾನು ನಾಲ್ಕು ವರ್ಷ ಬಾಡಿಗೆಗಿದ್ದೆ. ಬೆಳಗ್ಗೆ ಕಂಪನಿ ಬಸ್ಸು, ರಾತ್ರಿ ಕಂಪನಿ ಬಸ್ಸು. ಭಾನುವಾರ ಬಟ್ಟೆ ಒಗೆದು ಮಲಗೋದು. ಆ ನಾಲ್ಕು ವರ್ಷದಲ್ಲಿ ಊರೊಳಗಿನ ನಾಗೇಶ್ವರ ದೇವಸ್ಥಾನಕ್ಕೆ ಒಂದು ಸಲವೂ ಹೋಗಿರಲಿಲ್ಲ. ಟೀಮಿಗೆ ಹೊಸದಾಗಿ ಬಂದಿದ್ದ ಲಕ್ನೋ ಹುಡುಗನೊಬ್ಬ "ಬೆಂಗಳೂರು ಅಂದ್ರೆ ಅರ್ಥ ಏನು?" ಅಂತ ಕೇಳಿದಾಗ ಎಲ್ಲರೂ ಹೇಳುವ ಬೆಂದಕಾಳೂರಿನ ಕತೆಯನ್ನೇ ಹೇಳಿದ್ದೆ. ಹೊಯ್ಸಳ ದೊರೆ ವೀರಬಲ್ಲಾಳ ದಾರಿ ತಪ್ಪಿದ, ಅಜ್ಜಿ ಬೆಂದ ಕಾಳು ಕೊಟ್ಟಳು, ಊರಿಗೆ ಹೆಸರು ಬಂತು.

ಆ ಕತೆಗೆ ಉತ್ತರ ನನ್ನ ರೂಮಿಂದ ಹತ್ತು ನಿಮಿಷದ ನಡಿಗೆಯಲ್ಲಿತ್ತು. ಗೆಳೆಯರ ಗುಂಪೊಂದು ಭಾನುವಾರ ಹಳೇ ಕಲ್ಲು ನೋಡೋಕೆ ನಡೆದು ಹೋಗುತ್ತೆ ಅಂತ ಗೊತ್ತಾಗಿ, ತಿಂಡಿಯ ಆಸೆಗೆ ನಾನೂ ಸೇರಿಕೊಂಡೆ. ದೇವಸ್ಥಾನದ ಆವರಣದಲ್ಲಿ ಒಂದು ಕಲ್ಲು. ಸುಮಾರು ಕ್ರಿ.ಶ. 890ರದ್ದು. ಗಂಗರ ಕಾಲದಲ್ಲಿ ಈ ಸೀಮೆ ಆಳುತ್ತಿದ್ದ ನಾಗತ್ತರನ ಕಡೆಯವರು "ಬೆಂಗಳೂರು ಕಾಳಗ"ದಲ್ಲಿ ಸತ್ತದ್ದನ್ನು ಅದು ಹೇಳುತ್ತದೆ. ವೀರಬಲ್ಲಾಳನಿಗಿಂತ ಸುಮಾರು 300 ವರ್ಷ ಮೊದಲೇ, ಕೆಂಪೇಗೌಡರು ಕೋಟೆ ಕಟ್ಟಿಸುವುದಕ್ಕಿಂತ ಆರು ಶತಮಾನಕ್ಕೂ ಹಿಂದೆ ಈ ಹೆಸರು ಇತ್ತು! ಸೋಮವಾರ ಆಫೀಸಿಗೆ ಹೋಗಿ ಲಕ್ನೋ ಹುಡುಗನ ಹತ್ರ ಸಾರಿ ಕೇಳಿದೆ.

ಅವತ್ತಿಂದ ವೀರಗಲ್ಲು ಓದುವ ಹುಚ್ಚು ಹಿಡಿಯಿತು. ಹಳಗನ್ನಡದ ಲಿಪಿ ನನಗೂ ಬರಲ್ಲ, ಆದರೆ ಚಿತ್ರ ಓದೋಕೆ ಲಿಪಿ ಬೇಕಿಲ್ಲ. ಬಹಳಷ್ಟು ವೀರಗಲ್ಲುಗಳನ್ನು ಕೆಳಗಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಮಧ್ಯದಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ, ಅಂದರೆ ಅವು ಇರೋ ತನಕ ಇವನ ಹೆಸರೂ ಇರಲಿ ಅಂತ. ಕಲ್ಲಲ್ಲಿ ಬರೀ ಬಳೆ ತೊಟ್ಟ ತೋಳು ಎದ್ದು ನಿಂತಿದ್ದರೆ ಅದು ಮಾಸ್ತಿಕಲ್ಲು, ಗಂಡನ ಜೊತೆ ಚಿತೆ ಏರಿದವಳ ನೆನಪು. ಅದರ ಮುಂದೆ ಮಾತ್ರ ನನಗೆ ಫೋಟೊ ತೆಗೆಯೋಕೆ ಕೈ ಏಳಲ್ಲ.

ಇವರಲ್ಲಿ ರಾಜರು ಕಡಿಮೆ. ದನ ಹೊಡೆದುಕೊಂಡು ಹೋಗುವವರನ್ನು ತಡೆದವನು, ಊರಿಗೆ ನುಗ್ಗಿದವರ ಎದುರು ನಿಂತವನು, ಇಂಥವರೇ ಹೆಚ್ಚು. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಲ್ಲಿನಲ್ಲಿ ಇರುವುದು ಕಿತ್ತಯ್ಯ ಅನ್ನುವವನ ಹೆಸರು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಫ್ಲೈಓವರ್ ಮೇಲೆ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡಾಗ ಈಗ ನನಗೆ ಕಿತ್ತಯ್ಯ ನೆನಪಾಗುತ್ತಾನೆ.

ಬಿ.ಎಲ್. ರೈಸ್ ಈ ಜಿಲ್ಲೆಯ ಶಾಸನಗಳನ್ನೆಲ್ಲ ಕಲೆಹಾಕಿ 1905ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟವಾಗಿ ಪ್ರಕಟಿಸಿದ್ದರು. ಆಮೇಲೆ ಊರು ಬೆಳೆಯಿತು. ಎಷ್ಟೋ ಕಲ್ಲು ಲೇಔಟಿನ ಅಡಿ ಹೋದವು. ಈಗ ಮಿಥಿಕ್ ಸೊಸೈಟಿಯವರು ಉಳಿದ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಕಲ್ಲಿಗೂ ಬ್ಯಾಕಪ್ ಬೇಕು ಅಂತ ಯಾರಿಗೋ ಹೊಳೆಯಿತಲ್ಲ!

ಒಂದು ಭಾನುವಾರ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಹೋಗಿದ್ವಿ. ಅಲ್ಲಿ ಆತಕೂರಿನ ಕಲ್ಲಿದೆ, ಹತ್ತನೇ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೇರ ಅನ್ನುವವನು ಉಡುಗೊರೆಯಾಗಿ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನೆಟ್ಟರು, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆತಕೂರು ಇರುವುದು ಮದ್ದೂರು ತಾಲ್ಲೂಕಿನಲ್ಲಿ. ನಮ್ಮೂರೂ ಅದೇ ತಾಲ್ಲೂಕು. ಶಾಲೆಯಲ್ಲಿ ಯಾವ ಮೇಷ್ಟ್ರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಾಳಿಯ ಮುಂದೆ ನಿಂತಾಗ ತಟ್ಟನೆ ನಮ್ಮೂರ ಕೆರೆ ಏರಿಯ ಪಕ್ಕದ ಕಲ್ಲು ನೆನಪಾಯಿತು. ಅದರ ಮೇಲೂ ಕತ್ತಿ ಹಿಡಿದವನೊಬ್ಬ ಇದ್ದ. ಮೇಲ್ಗಡೆ ಸೂರ್ಯ ಚಂದ್ರ ಇದ್ದವು. ಅವ್ವ ಅದರ ಅಂಚಿಗೆ ಕುಡ್ಲು ಮಸೆಯುತ್ತಿದ್ದಳು, ನಾವು ಹುಡುಗರು ಅದರ ಮೇಲಿಂದ ನೀರಿಗೆ ಹಾರುತ್ತಿದ್ವಿ. ಅಲ್ಲಿಂದಲೇ ಫೋನ್ ಮಾಡಿದೆ.

"ಅಪ್ಪ, ಕೆರೆ ಏರಿ ತಾವ ಇದ್ದ ಆ ಕಲ್ಲು ಇನ್ನೂ ಅದಾ?"

"ಯಾವುದ್ಲಾ ಮಗ? ಓ ಅದಾ? ರಸ್ತೆ ಅಗಲ ಮಾಡಾಗ ಜೆಸಿಬಿಲಿ ಎತ್ತಾಕುದ್ರು ಕಣ್ಲಾ. ಐದಾರು ವರ್ಸ ಆಯ್ತು. ಮೋರಿಗೆ ಹಾಕವ್ರೇನೋ, ಯಾರ್ ಕಂಡೋರು?"

ಬೇಗೂರಿನವನ ಹೆಸರು ನನಗೆ ಗೊತ್ತು, ಹೆಬ್ಬಾಳದವನ ಹೆಸರೂ ಗೊತ್ತು. ನಮ್ಮೂರ ದನ ಕಾಯೋಕೋ, ಊರು ಕಾಯೋಕೋ ಸತ್ತವನ ಹೆಸರು ಮಾತ್ರ ಇನ್ನು ಗೊತ್ತಾಗಲ್ಲ. ನನ್ನ ಹತ್ರ ಅದರ ಒಂದು ಫೋಟೊ ಕೂಡ ಇಲ್ಲ.

ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ನೀವು ಒಂದು ಕೆಲಸ ಮಾಡಿ. ಬೇಲಿ ಪಕ್ಕ, ಕೆರೆ ಏರಿ, ಮಾರಿಗುಡಿಯ ಹಿಂದೆ ಒಂದು ಸುತ್ತು ಹಾಕಿ. ಗೊಂಬೆಯೋ ಅಕ್ಷರವೋ ಇರುವ ಕಲ್ಲು ಕಂಡರೆ ತೊಳೆಯೋದು, ಉಜ್ಜೋದು ಬೇಡ. ಬೆಳಗಿನ ಓರೆ ಬಿಸಿಲಲ್ಲಿ ನಾಲ್ಕು ಫೋಟೊ ತೆಗೆದು, ಲೊಕೇಶನ್ ಸಮೇತ ಪುರಾತತ್ವ ಇಲಾಖೆಯವರಿಗೆ ತಿಳಿಸಿ.

ನಮ್ಮಪ್ಪ ಈಗ ಕಂಡ ಕಂಡ ಕಲ್ಲಿನ ಫೋಟೊ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಇಲ್ಲಿ ತನಕ ಬಂದದ್ದೆಲ್ಲ ಬರೀ ಬಂಡೆ. ಆದರೂ ಪ್ರತಿಯೊಂದನ್ನೂ ಝೂಮ್ ಮಾಡಿ ನೋಡುತ್ತೇನೆ.