ವೀರಸ್ವರ್ಗದ ನೆಲದಲ್ಲಿ ತೃಷ್ಣಾವಿಚಾರ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಘಟ್ಟದ ಸೀಮೆಗೆ ಪ್ರಾಚೀನ ಕಾಲದಲ್ಲಿ ರಾಜಧಾನಿಯಾಗಿದ್ದ ಬನವಾಸಿಗೆ ಬುದ್ಧನ ಧರ್ಮವು ಅಶೋಕನ ಕಾಲದಲ್ಲಿಯೇ ಬಂದಿತೆಂದು ಸಿಂಹಳದ ಮಹಾವಂಸವು ಹೇಳುತ್ತದೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಸಂಘದ ಹಿರಿಯನಾದ ಮೊಗ್ಗಲಿಪುತ್ತ ತಿಸ್ಸನು ನಾನಾ ದೇಶಗಳಿಗೆ ಕಳುಹಿದ ಸ್ಥವಿರರಲ್ಲಿ ರಕ್ಖಿತನೆಂಬವನು ವನವಾಸಕ್ಕೆ, ಎಂದರೆ ಬನವಾಸಿಯ ಸೀಮೆಗೆ, ಬಂದು ಅನಮತಗ್ಗ ಸಂಯುತ್ತವೆಂಬ ಸೂತ್ರಸಂಗ್ರಹವನ್ನು ಉಪದೇಶಿಸಿದನಂತೆ. ಅವಿದ್ಯೆಯಿಂದ ಆವೃತರಾಗಿ, ತೃಷ್ಣೆಯಿಂದ ಬದ್ಧರಾಗಿ ಸಂಸಾರದಲ್ಲಿ ಅಲೆಯುವ ಜೀವಿಗಳು ಜನ್ಮಜನ್ಮಾಂತರಗಳಲ್ಲಿ ಶಿರಶ್ಛೇದಗೊಂಡು ಸುರಿಸಿದ ರಕ್ತವು ನಾಲ್ಕು ಸಮುದ್ರಗಳ ಜಲಕ್ಕಿಂತ ಅಧಿಕವೆಂಬುದು ಆ ಸಂಯುತ್ತದ ಬೋಧೆಗಳಲ್ಲೊಂದು. ಅಲ್ಲಿ ಐನೂರು ವಿಹಾರಗಳೆದ್ದುವೆಂಬ ಮಾತನ್ನು ಉತ್ಪ್ರೇಕ್ಷೆಯೆಂದು ಬಿಟ್ಟರೂ, ಕಾರ್ಲೆಯ ಶಿಲಾಚೈತ್ಯವನ್ನು ಪೂರ್ಣಗೊಳಿಸಿದವನು ವೈಜಯಂತಿಯ, ಎಂದರೆ ಇದೇ ಬನವಾಸಿಯ, ಶ್ರೇಷ್ಠಿ ಭೂತಪಾಲನೆಂದು ಅಲ್ಲಿಯ ಶಾಸನವು ಸಾರುತ್ತಿರುವುದರಿಂದ, ಆ ಉಪದೇಶವು ಕಾಡಿನಲ್ಲಿಯೇ ಕರಗಿಹೋಗಲಿಲ್ಲವೆಂಬುದು ನಿಶ್ಚಯ.

ಆದರೆ ಈ ನೆಲವು ಶಸ್ತ್ರಕ್ಕೂ ಅಷ್ಟೇ ಒಲಿದ ನೆಲ. ಬನವಾಸಿಯ ಕದಂಬವಂಶದ ಮೂಲಪುರುಷನೂ ಕಂಚಿಯ ಘಟಿಕೆಗೆ ವಿದ್ಯಾರ್ಥಿಯಾಗಿ ಹೋಗಿದ್ದವನೂ ಆದ ಮಯೂರಶರ್ಮನು ಪಲ್ಲವರ ರಾವುತನೊಡನೆ ಕಲಹವಾಗಲು, ದರ್ಭೆ ಸಮಿತ್ತುಗಳನ್ನು ಹಿಡಿದು ಪಳಗಿದ ಕೈಯಲ್ಲಿ ಖಡ್ಗವನ್ನು ಹಿರಿದನೆಂದು ತಾಳಗುಂದದ ಸ್ತಂಭಶಾಸನವು ವರ್ಣಿಸುತ್ತದೆ. ಅನಂತರದ ಶತಮಾನಗಳ ವೀರಗಲ್ಲುಗಳನ್ನು ನೋಡಿರಿ: ಕೆಳಗಿನ ಪಟ್ಟಿಕೆಯಲ್ಲಿ ತುರುಗೊಳ್ ಕಾಳಗ, ನಡುವೆ ವೀರನನ್ನು ತೋಳಲ್ಲಿ ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ ಎಂಬ ಭರವಸೆಯು ಅನೇಕ ಶಾಸನಗಳಲ್ಲಿ ಬಾಯಿಪಾಠದಂತೆ ಬರುತ್ತದೆ. ಮರಣವನ್ನು ಸಹ್ಯವಾಗಿಸಲು ತೃಷ್ಣೆಗೇ ಅಲ್ಲಿ ಔತಣ.

ಈ ಭರವಸೆಯ ಕುರಿತೇ ಯೋಧರ ಗ್ರಾಮಣಿಯೊಬ್ಬನು ಬುದ್ಧನಲ್ಲಿ ಕೇಳಿದ ಪ್ರಸಂಗವು ಸಂಯುತ್ತನಿಕಾಯದಲ್ಲಿದೆ. ರಣದಲ್ಲಿ ಮಡಿದವನಿಗೆ ಸ್ವರ್ಗವುಂಟೇ ಎಂದು ಕೇಳಲು, ಬುದ್ಧನು ಎರಡು ಬಾರಿ ಬೇಡವೆಂದು ತಡೆದು, ಮೂರನೆಯ ಬಾರಿ, ಇವರು ಹತರಾಗಲೆಂಬ ಸಂಕಲ್ಪದಿಂದ ಕಲುಷಿತವಾದ ಚಿತ್ತಕ್ಕೆ ಸ್ವರ್ಗವಿಲ್ಲ, ನರಕವೇ ಗತಿಯೆಂದನು. ಗ್ರಾಮಣಿಯು ಕಣ್ಣೀರಿಟ್ಟನು, ನರಕದ ಮಾತಿಗಲ್ಲ, ಹಿಂದಿನ ಆಚಾರ್ಯರು ತನ್ನನ್ನು ಬಹುಕಾಲ ವಂಚಿಸಿದ್ದಕ್ಕೆ.

ಹಾಗೆಂದು ಧರ್ಮವು ಶಸ್ತ್ರಾಭ್ಯಾಸದ ಶಿಸ್ತನ್ನು ತಿರಸ್ಕರಿಸಲಿಲ್ಲ. ಅಂಗುತ್ತರನಿಕಾಯವು ಭಿಕ್ಷುವಿಗೆ ಬಿಲ್ಲಾಳನ್ನೇ ಮೇಲ್ಪಂಕ್ತಿಯಾಗಿ ತೋರುತ್ತದೆ: ದೂರಕ್ಕೆ ಎಸೆಯುವವನು ರೂಪವೇದನಾದಿಗಳಾವುವೂ ತನ್ನವಲ್ಲವೆಂದು ಕಂಡವನು, ಮಿಂಚಿನಂತೆ ಗುರಿ ತಾಗಿಸುವವನು ದುಃಖ, ದುಃಖದ ಮೂಲ, ನಿರೋಧ, ಮಾರ್ಗಗಳನ್ನು ಇದ್ದಂತೆ ಅರಿತವನು, ಮಹಾರಾಶಿಯನ್ನು ಸೀಳುವವನು ಅವಿದ್ಯೆಯನ್ನು ಸೀಳಿದವನು. ಕೈಯ ಪಳಗಿಕೆಗೆ ಇಲ್ಲಿ ದೋಷವಿಲ್ಲ; ಆ ಕೈಯನ್ನು ನಡೆಸುವ ಬಯಕೆಗೆ ವಿಚಾರಣೆ. ಊರ ದನಗಳನ್ನು ಕಾಯಲು ಮಡಿದವನ ಕಲ್ಲಿಗೆ ನಾವು ಕೈಮುಗಿಯುವುದು ಉಚಿತವೇ. ಆದರೆ ಆ ಮುಗಿಯುವಿಕೆಯು ಅವನ ರಕ್ಷಣಬುದ್ಧಿಗೆ ಸಲ್ಲಬೇಕಲ್ಲದೆ, ನಡುವಿನ ಪಟ್ಟಿಕೆಯ ಆಮಿಷಕ್ಕಲ್ಲ.