ಆ ಕಡೆ, ಈ ಕಡೆ: ಎಂಡ್‌ಪಾಯಿಂಟ್ ಎಂಬ ಪದದ ಬಾಳು

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳ ಕನ್ನಡದಲ್ಲಿ ಸಲೀಸಾಗಿ ಬೆರೆತುಹೋದ ಪದಗಳಲ್ಲಿ ಎಂಡ್‌ಪಾಯಿಂಟ್ ಒಂದು. ‘ಎಂಡ್‌ಪಾಯಿಂಟ್ ಬದಲಾಗಿದ್ಯಾ ನೋಡಿ ಸಾರ್’, ‘ಟೆಸ್ಟಿಂಗಿನ ಎಂಡ್‌ಪಾಯಿಂಟೇ ಪ್ರೊಡಕ್ಷನ್ನಿಗೂ ಹೋಗ್ಬಿಟ್ಟಿದೆ’, ‘ಕಾನ್ಫಿಗ್ ಫೈಲ್‌ನಲ್ಲಿ ಎಂಡ್‌ಪಾಯಿಂಟೇ ಇಲ್ಲ ಅಂತ ಎರರ್ ಬರ್ತಿದೆ’ ಎಂಬ ಮಾತುಗಳು ಅಲ್ಲಿ ದಿನವೂ ಕಿವಿಗೆ ಬೀಳುತ್ತವೆ. ಒಂದು ಪ್ರೋಗ್ರಾಮು ಜಾಲದ ಮೂಲಕ ಇನ್ನೊಂದು ಪ್ರೋಗ್ರಾಮಿನ ಸೇವೆ ಕೇಳಬೇಕಾದರೆ ಎಲ್ಲಿಗೆ ಹೋಗಬೇಕು, ಯಾವ ರೀತಿ ಮಾತಾಡಬೇಕು ಎಂಬುದು ಅದಕ್ಕೆ ಗೊತ್ತಿರಬೇಕು. ಆ ವಿವರವನ್ನು ಕೋಡಿನ ಒಳಗೆ ಹುದುಗಿಸಿಟ್ಟರೆ ಸರ್ವರ್ ಬದಲಾದಾಗಲೆಲ್ಲ ಪ್ರೋಗ್ರಾಮನ್ನೇ ಹೊಸದಾಗಿ ಬಿಲ್ಡ್ ಮಾಡಬೇಕಾಗುತ್ತದೆ. ಅದಕ್ಕೇ ಅದನ್ನು ಹೊರಗಿನ ಕಾನ್ಫಿಗ್ ಫೈಲಿನಲ್ಲಿ ಬರೆದಿಡುತ್ತಾರೆ. ಹಾಗೆ ಬರೆದ ಸಾಲಿನ ಹೆಸರೇ ಎಂಡ್‌ಪಾಯಿಂಟ್.

ಈ ಪದ ಕೇಳಿದ ಕೂಡಲೇ ಹೆಚ್ಚಿನವರ ಮನಸ್ಸು ಆಚೆಯ ಸರ್ವರಿನತ್ತ ಓಡುತ್ತದೆ. ಎಂಡ್ ಎಂದರೆ ಕೊನೆ, ದಾರಿ ಮುಗಿಯುವ ಜಾಗ, ಅಲ್ಲಿ ಏನೋ ಕೆಟ್ಟಿರಬೇಕು ಎಂಬುದು ಮೊದಲ ಊಹೆ. ಪದದ ಹಳೆಯ ಬಾಳನ್ನು ನೋಡಿದರೆ ಆ ಊಹೆಗೆ ಬುಡವಿಲ್ಲ. ಕಾನ್ಫಿಗ್ ಫೈಲಿನ ತಂಟೆಗಳನ್ನು ಬಿಡಿಸುವಾಗಲೂ ಅದು ಎಷ್ಟೋ ಸಲ ದಾರಿ ತಪ್ಪಿಸುತ್ತದೆ.

ನಮ್ಮಲ್ಲಿ ವಿಜ್ಞಾನ ಓದಿದವರಿಗೆ ಈ ಪದದ ಮೊದಲ ಪರಿಚಯ ಆಗುವುದು ಕಂಪ್ಯೂಟರಿನ ಮುಂದಲ್ಲ, ಪಿಯುಸಿಯ ರಸಾಯನಶಾಸ್ತ್ರದ ಲ್ಯಾಬಿನಲ್ಲಿ. ಬ್ಯೂರೆಟ್ಟಿನಲ್ಲಿ ನೇರಳೆ ಬಣ್ಣದ ಪೊಟ್ಯಾಶಿಯಂ ಪರ್ಮಾಂಗನೇಟ್, ಕೆಳಗೆ ಬಿಳಿ ಟೈಲ್ ಮೇಲೆ ಕೋನಿಕಲ್ ಫ್ಲಾಸ್ಕು, ಅದರಲ್ಲಿ ಸಲ್ಫ್ಯೂರಿಕ್ ಆಮ್ಲ ಬೆರೆಸಿ ಬಿಸಿ ಮಾಡಿದ ಆಕ್ಸಾಲಿಕ್ ಆಮ್ಲ. ಹನಿ ಬಿದ್ದಂತೆ ನೇರಳೆ ಮಾಯವಾಗುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಒಂದೇ ಹನಿಗೆ ತಿಳಿ ಗುಲಾಬಿ ಬಣ್ಣ ಮೂಡಿ, ಅಲ್ಲಾಡಿಸಿದರೂ ಹೋಗದೆ ನಿಲ್ಲುತ್ತದೆ. ‘ಎಂಡ್ ಪಾಯಿಂಟ್ ಬಂತಾ?’ ಎಂದು ಮೇಷ್ಟ್ರು ಕೇಳುವುದು ಆಗ. ಈ ಬಗೆಯ ಅಳತೆಯ ವಿಧಾನವನ್ನು ಜರ್ಮನಿಯ ಫ್ರೀಡ್ರಿಶ್ ಮೋರ್ 1855ರಲ್ಲಿ ಪುಸ್ತಕವಾಗಿ ಹೊರತಂದ. ಆಮ್ಲ–ಪ್ರತ್ಯಾಮ್ಲಗಳ ಟೈಟ್ರೇಶನ್ನಿನಲ್ಲಿ ಬಣ್ಣ ತೋರಿಸುವ ಫಿನಾಲ್ಫ್ಥಲೀನನ್ನು ಆಡಾಲ್ಫ್ ಫಾನ್ ಬೇಯರ್ ತಯಾರಿಸಿದ್ದು 1871ರಲ್ಲಿ. ರಸಾಯನಶಾಸ್ತ್ರಜ್ಞರು ಇಲ್ಲಿ ಒಂದು ಎಚ್ಚರ ಇಟ್ಟುಕೊಂಡಿದ್ದಾರೆ. ಫ್ಲಾಸ್ಕಿನ ಆಮ್ಲವೂ ಮೇಲಿನಿಂದ ಬಿದ್ದ ದ್ರಾವಣವೂ ಲೆಕ್ಕಕ್ಕೆ ಸರಿಯಾಗಿ ಸಮವಾಗುವ ಗಳಿಗೆಗೆ ಸಮಾನತಾ ಬಿಂದು ಎಂಬ ಬೇರೆ ಹೆಸರಿದೆ. ನಮ್ಮ ಕಣ್ಣಿಗೆ ಬಣ್ಣವಾಗಿ ಕಾಣುವುದು ಎಂಡ್ ಪಾಯಿಂಟ್. ಎರಡೂ ಹತ್ತಿರ ಇರುತ್ತವೆ, ಆದರೆ ಒಂದೇ ಅಲ್ಲ. ಅಂದರೆ ರಸಾಯನಶಾಸ್ತ್ರದಲ್ಲೂ ಈ ಪದ ಹೇಳುವುದು ಎರಡು ವಸ್ತುಗಳು ಪರಸ್ಪರ ತಲುಪಿದ್ದರ ಗುರುತನ್ನೇ.

ಇದಕ್ಕೂ ಹಿಂದೆ ಹೋದರೆ ಜ್ಯಾಮಿತಿ. ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಭಾಗದ ಮೂರನೆಯ ವ್ಯಾಖ್ಯೆಯಲ್ಲೇ ರೇಖೆಯ ತುದಿಗಳು ಬಿಂದುಗಳು ಎಂದು ಹೇಳಿಬಿಡುತ್ತಾನೆ. ತುದಿಗಳು ಎಂಬ ಬಹುವಚನ ಅಲ್ಲಿ ಮುಖ್ಯ. ನಮ್ಮ ಶಾಲೆಯ ರೇಖಾಖಂಡಕ್ಕೂ ಅಂತ್ಯಬಿಂದುಗಳು ಎರಡು. ‘ಎ’ಯಿಂದ ‘ಬಿ’ ಎಂದರೂ ಸರಿ, ‘ಬಿ’ಯಿಂದ ‘ಎ’ ಎಂದರೂ ಸರಿ. ಯಾವುದು ಮೊದಲು, ಯಾವುದು ಕೊನೆ ಎಂಬ ಪ್ರಶ್ನೆಯೇ ಅಲ್ಲಿಲ್ಲ.

ಇನ್ನು ಎಂಡ್ ಎಂಬ ತುಂಡನ್ನು ಬಿಡಿಸಿ ನೋಡೋಣ. ಭಾಷಾವಿಜ್ಞಾನಿಗಳು ಇದನ್ನು ಇಂಡೋ-ಯುರೋಪಿಯನ್ನಿನ ಒಂದು ಹಳೆಯ ಧಾತುವಿಗೆ ಕೂಡಿಸುತ್ತಾರೆ. ಅದರ ಅರ್ಥ ಹಣೆ, ಮುಂಭಾಗ. ಹಿಟ್ಟೈಟ್ ಭಾಷೆಯಲ್ಲಿ ಆ ಅರ್ಥ ಹಾಗೆಯೇ ಉಳಿದಿದೆ. ಗ್ರೀಕಿನಲ್ಲಿ ಅದು ‘ಆಂಟಿ’ ಆಗಿ ಎದುರು ಎಂಬ ಅರ್ಥ ಪಡೆಯಿತು. ಲ್ಯಾಟಿನ್ನಿನಲ್ಲಿ ‘ಆಂಟೆ’ ಆಗಿ ಮುಂದೆ ಎಂದಾಯಿತು. ಇಂಗ್ಲಿಷಿನ ಆನ್ಸರ್ ಪದದ ಮೊದಲ ತುಂಡೂ ಇದೇ ಧಾತುವಿನದು. ಎದುರು ನಿಂತು ಆಡುವ ಮಾತು ಆನ್ಸರ್. ಹಾಗಾಗಿ ಎಂಡ್‌ಪಾಯಿಂಟಿಗೂ ಆನ್ಸರಿಗೂ ರಕ್ತಸಂಬಂಧ ಇದೆ.

ಸಂಸ್ಕೃತದ ಅಂತ ಪದವೂ ಇದೇ ಮನೆತನದ್ದು. ನಾವು ಅದನ್ನು ಹೆಚ್ಚಾಗಿ ಮುಕ್ತಾಯ ಎಂಬ ಅರ್ಥದಲ್ಲೇ ಬಳಸುತ್ತೇವೆ; ಸುಖಾಂತ, ದುಃಖಾಂತ, ಅಂತ್ಯಕ್ರಿಯೆ. ಆದರೆ ಅದರ ಇನ್ನೊಂದು ಮುಖ ಎಲ್ಲೆ, ಅಂಚು, ಸಮೀಪ. ಕಾಡಿನ ಅಂಚಿಗೆ ವನಾಂತ, ದಿಕ್ಕುಗಳ ಎಲ್ಲೆಗೆ ದಿಗಂತ, ಹತ್ತಿರ ಎಂಬುದಕ್ಕೆ ಅಂತಿಕ. ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಸಾಮಂತ ಪದವನ್ನೇ ನೋಡಿ. ಸಮ್ ಮತ್ತು ಅಂತ ಸೇರಿ ಆದ ಆ ಪದಕ್ಕೆ ಮೊದಲಿಗೆ ಇದ್ದ ಅರ್ಥ ಗಡಿ ಹಂಚಿಕೊಂಡವನು, ನೆರೆಯವನು. ಅರ್ಥಶಾಸ್ತ್ರದ ಸಾಮಂತ ನೆರೆರಾಜ್ಯದ ಅರಸ. ಅಧೀನ ರಾಜ ಎಂಬ ಅರ್ಥ ಆಮೇಲೆ ಬಂತು. ಮಹಾಸಾಮಂತ ಎಂಬ ಬಿರುದು ಅದಕ್ಕೂ ಆಮೇಲೆ. ಅಂತ ಎಂದರೆ ಇಲ್ಲಿ ಮುಗಿಯುವ ಜಾಗ ಅನ್ನುವುದಕ್ಕಿಂತ, ನನ್ನದಕ್ಕೂ ನಿನ್ನದಕ್ಕೂ ತಾಗುವ ಜಾಗ.

ಇಂಗ್ಲಿಷಿನಲ್ಲೂ ಈ ಬದಿ ಎಂಬ ಅರ್ಥ ಪೂರ್ತಿ ಅಳಿದಿಲ್ಲ. ಲಂಡನ್ನಿನ ವೆಸ್ಟ್ ಎಂಡ್ ಎಂದರೆ ಪಡುವಣ ಬದಿ. ಸಾಫ್ಟ್‌ವೇರಿನವರ ಫ್ರಂಟ್ ಎಂಡ್, ಬ್ಯಾಕ್ ಎಂಡ್ ಇದೇ ಅರ್ಥದಲ್ಲಿ ನಿಂತಿವೆ. ‘ಫ್ರಮ್ ಅವರ್ ಎಂಡ್’ ಎಂದು ಇಮೇಲ್ ಬರೆಯುವ ಬೆಂಗಳೂರಿನ ಎಂಜಿನಿಯರ್ ಬಾಯಲ್ಲಿ ಅದನ್ನೇ ಕನ್ನಡದಲ್ಲಿ ‘ನಮ್ಮ ಕಡೆಯಿಂದ ಎಲ್ಲ ಸರಿ ಇದೆ’ ಎನ್ನುತ್ತಾನೆ. ಈ ಕಡೆ ಎಂಬ ಪದದ ಮುಂದೆ ನಾನು ಬೆರಗಾಗುತ್ತೇನೆ. ಅಚ್ಚ ದ್ರಾವಿಡ ಪದ. ತಮಿಳಿನ ಕಡೈ ಇದರ ಒಡಹುಟ್ಟು. ಕಡೆಗೆ, ಕಟ್ಟಕಡೆಯ, ಕಡೆಯ ಮಾತು ಎಂದಾಗ ಅದು ಮುಕ್ತಾಯ. ಆ ಕಡೆ, ಈ ಕಡೆ, ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎಂದಾಗ ಅದು ಬದಿ. ಕಡೆಗಣ್ಣಿನಲ್ಲಿ ಅದು ಅಂಚು. ಎಂಡ್ ಮತ್ತು ಅಂತ ಎರಡರಲ್ಲೂ ಇರುವ ಇಮ್ಮುಖ, ಯಾವ ನಂಟೂ ಇಲ್ಲದ ನಮ್ಮ ಕಡೆಯಲ್ಲಿ ತಾನಾಗಿಯೇ ಬೆಳೆದಿದೆ.

ಜಾಲಗಳ ಲೋಕಕ್ಕೆ ಈ ಪದ ಗಟ್ಟಿಯಾಗಿ ಕಾಲಿಟ್ಟದ್ದರ ಹಿಂದೆ ಜೆರೋಮ್ ಸಾಲ್ಟ್‌ಝರ್, ಡೇವಿಡ್ ರೀಡ್, ಡೇವಿಡ್ ಕ್ಲಾರ್ಕ್ ಮೂವರ 1984ರ ಲೇಖನ ಒಂದಿದೆ. ಎಂಡ್ ಟು ಎಂಡ್ ವಾದ ಎಂದು ಹೆಸರಾದ ಅದರ ತಿರುಳು ಇಷ್ಟು: ಕಡತ ಸರಿಯಾಗಿ ತಲುಪಿತೇ ಎಂಬಂಥ ಖಾತರಿಯನ್ನು ನಡುವಿನ ಜಾಲ ಪೂರ್ತಿಯಾಗಿ ಕೊಡಲಾರದು, ಎರಡು ತುದಿಗಳಲ್ಲಿ ನಿಂತ ಅಪ್ಲಿಕೇಶನ್ನುಗಳೇ ಅದನ್ನು ನೋಡಿಕೊಳ್ಳಬೇಕು. ಇಂಟರ್ನೆಟ್ಟಿನ ವಿನ್ಯಾಸವನ್ನು ತಿದ್ದಿದ ಈ ವಿಚಾರದಲ್ಲಿ ತುದಿ ಹೊಣೆ ಹೊರುವ ಜಾಗವಾಯಿತು. ಮುಂದೆ ವಿಂಡೋಸ್ ಸರ್ವರುಗಳಲ್ಲಿ 135ನೇ ಪೋರ್ಟಿನಲ್ಲಿ ಕೂತು, ಯಾವ ಸೇವೆ ಎಲ್ಲಿದೆ ಎಂದು ಹೇಳುವ ಎಂಡ್‌ಪಾಯಿಂಟ್ ಮ್ಯಾಪರ್ ಬಂತು. ಯುಎಸ್‌ಬಿಯಲ್ಲೂ ಎಂಡ್‌ಪಾಯಿಂಟ್ ಇದೆ. ಚುಚ್ಚಿದ ಕೂಡಲೇ ಸಾಧನವನ್ನು ಗುರುತು ಹಿಡಿಯುವುದು ಅದರ ಸೊನ್ನೆಯ ಎಂಡ್‌ಪಾಯಿಂಟಿನ ಮೂಲಕ.

ವೆಬ್ ಸೇವೆಗಳಲ್ಲಿ ಮೊದಲು ಈ ಜಾಗದಲ್ಲಿದ್ದ ಪದ ಪೋರ್ಟ್. ಸೇವೆಯೊಂದು ತಾನು ಏನು ಮಾಡಬಲ್ಲೆ, ಎಲ್ಲಿ ಸಿಗುತ್ತೇನೆ ಎಂದು ಹೇಳಿಕೊಳ್ಳುವ ದಾಖಲೆಯ ಭಾಷೆ ಡಬ್ಲ್ಯುಎಸ್‌ಡಿಎಲ್. ಅದರ 1.1ನೇ ಆವೃತ್ತಿ 2001ರ ಮಾರ್ಚಿನಲ್ಲಿ ಡಬ್ಲ್ಯು3ಸಿ ಸಂಸ್ಥೆಯ ಟಿಪ್ಪಣಿಯಾಗಿ ಬಂದಾಗ ಸೇವೆಯ ವಿಳಾಸವನ್ನು ಹೊತ್ತ ತುಂಡಿನ ಹೆಸರು ಪೋರ್ಟ್. 2007ರ ಜೂನಿನಲ್ಲಿ 2.0 ಆವೃತ್ತಿ ಅಧಿಕೃತವಾದಾಗ ಅದೇ ತುಂಡಿನ ಹೆಸರು ಎಂಡ್‌ಪಾಯಿಂಟ್. ಪೋರ್ಟ್ ಎಂಬ ಹೆಸರು ಅಷ್ಟರಲ್ಲಾಗಲೇ 80, 443 ಎಂಬ ಸಂಖ್ಯೆಗಳಿಗೆ ಅಂಟಿಹೋಗಿತ್ತು, ಗೊಂದಲವಾಗುತ್ತಿತ್ತು. ಅದಲ್ಲದೆ ಹೊಸ ಹೆಸರಿನಲ್ಲಿ ನನಗೆ ಕಾಣುವ ಇನ್ನೊಂದು ಗುಣ ಇದೆ. ಪೋರ್ಟ್ ಎಂದರೆ ಬಂದರು ಎಂದೂ ಆಗುತ್ತದೆ; ಅಲ್ಲಿಗೆ ಹಡಗು ಎಲ್ಲಿಂದ ಬಂತೆಂಬುದು ಆ ಹೆಸರಲ್ಲಿ ಇಲ್ಲ. ಅದು ಒಂದೇ ದಡದ ಮಾತು. ತುದಿ ಎಂದ ಕೂಡಲೇ ಇನ್ನೊಂದು ತುದಿ ಇರಲೇಬೇಕು.

ಈ ಎರಡು ತುದಿಯ ಮಾತು ಕಣ್ಣಿಗೆ ಕಟ್ಟುವುದು ಮೈಕ್ರೋಸಾಫ್ಟಿನ ಡಬ್ಲ್ಯುಸಿಎಫ್‌ನಲ್ಲಿ. 2006ರ ನವೆಂಬರಿನಲ್ಲಿ ಡಾಟ್‌ನೆಟ್ 3.0 ಜೊತೆ ಬಂದ ಈ ಚೌಕಟ್ಟಿನಲ್ಲಿ ಎಂಡ್‌ಪಾಯಿಂಟಿಗೆ ಮೂರು ಅಂಗ. ಅಡ್ರೆಸ್, ಬೈಂಡಿಂಗ್, ಕಾಂಟ್ರಾಕ್ಟ್. ಎಲ್ಲಿ, ಹೇಗೆ, ಏನು. ಕಲಿಸುವವರು ಇದನ್ನು ಎಬಿಸಿ ಎಂದೇ ಹೇಳಿಕೊಡುತ್ತಾರೆ. ಎಂಡ್‌ಪಾಯಿಂಟ್ ಎಂಬ ಈ ಸಾಲು ಸೇವೆ ಕೊಡುವವನ ಕಾನ್ಫಿಗ್ ಫೈಲಿನಲ್ಲೂ ಇರುತ್ತದೆ, ಸೇವೆ ಕೇಳುವವನ ಫೈಲಿನಲ್ಲೂ ಇರುತ್ತದೆ. ಬೈಂಡಿಂಗೂ ಕಾಂಟ್ರಾಕ್ಟೂ ಎರಡೂ ಕಡೆ ಹೊಂದಬೇಕು. ಒಂದು ಕಡೆ ಬೇಸಿಕ್ ಎಚ್‌ಟಿಟಿಪಿ ಬೈಂಡಿಂಗ್, ಇನ್ನೊಂದು ಕಡೆ ಡಬ್ಲ್ಯುಎಸ್ ಎಚ್‌ಟಿಟಿಪಿ ಬೈಂಡಿಂಗ್ ಇಟ್ಟರೆ ವಿಳಾಸ ಸರಿಯಿದ್ದರೂ 415 ಎಂಬ ಉತ್ತರ ಬರುತ್ತದೆ. ಒಬ್ಬರು ಸೋಪ್ ಎಂಬ ಸಂದೇಶ ಶೈಲಿಯ 1.1ನೇ ಆವೃತ್ತಿಯಲ್ಲಿ ಮಾತಾಡುತ್ತಿದ್ದಾರೆ, ಇನ್ನೊಬ್ಬರು 1.2 ನಿರೀಕ್ಷಿಸುತ್ತಿದ್ದಾರೆ.

ಈ ಚೌಕಟ್ಟಿನ ಅತ್ಯಂತ ಪ್ರಸಿದ್ಧ ದೂರು ಎಂದರೆ, ಇಂಥ ಕಾಂಟ್ರಾಕ್ಟನ್ನು ಹೆಸರಿಸುವ ಡೀಫಾಲ್ಟ್ ಎಂಡ್‌ಪಾಯಿಂಟ್ ಎಲಿಮೆಂಟ್ ಕ್ಲೈಂಟಿನ ಕಾನ್ಫಿಗರೇಶನ್ನಿನಲ್ಲಿ ಸಿಗಲಿಲ್ಲ ಎಂಬುದು. ಫೈಲನ್ನು ತೆರೆದು ನೋಡಿದರೆ ಆ ಸಾಲು ಕಣ್ಣೆದುರೇ ಇರುತ್ತದೆ. ಹೀಗಾಗುವುದು ಹೆಚ್ಚಾಗಿ ಸೇವೆಯ ರೆಫರೆನ್ಸನ್ನು ಲೈಬ್ರರಿ ಪ್ರಾಜೆಕ್ಟಿಗೆ, ಅಂದರೆ ಡಿಎಲ್ಎಲ್‌ಗೆ ಸೇರಿಸಿದಾಗ. ವಿಶುವಲ್ ಸ್ಟುಡಿಯೋ ಆ ಸಾಲುಗಳನ್ನು ಲೈಬ್ರರಿಯ ಆ್ಯಪ್.ಕಾನ್ಫಿಗ್ ಫೈಲಿನಲ್ಲಿ ಬರೆಯುತ್ತದೆ. ಓಡುವಾಗ ಡಾಟ್‌ನೆಟ್ ಓದುವುದು ಲೈಬ್ರರಿಯ ಫೈಲನ್ನಲ್ಲ. ಅದನ್ನು ಹೊತ್ತು ಓಡುತ್ತಿರುವ ಇಎಕ್ಸ್‌ಇಯ ಕಾನ್ಫಿಗ್ ಫೈಲನ್ನು, ವೆಬ್ ಆದರೆ ವೆಬ್.ಕಾನ್ಫಿಗ್ ಫೈಲನ್ನು. ಸಿಸ್ಟಮ್.ಸರ್ವಿಸ್‌ಮಾಡೆಲ್ ಎಂಬ ಇಡೀ ಭಾಗವನ್ನು ಆ ಫೈಲಿಗೆ ನಕಲು ಮಾಡಿದರೆ ದೂರು ನಿಲ್ಲುತ್ತದೆ. ಈ ಇಡೀ ಪ್ರಸಂಗದಲ್ಲಿ ಆಚೆಯ ಸರ್ವರಿಗೆ ಒಂದು ಬೈಟೂ ಹೋಗಿರುವುದಿಲ್ಲ. ತಪ್ಪು ಪೂರ್ತಿ ಈ ಕಡೆಯದು.

ಗಾತ್ರದ ಮಿತಿಯ ಕತೆಯೂ ಅದೇ. ಡಬ್ಲ್ಯುಸಿಎಫ್‌ನಲ್ಲಿ ಒಳಬರುವ ಸಂದೇಶಕ್ಕೆ ಮೊದಲೇ ಗೊತ್ತುಮಾಡಿದ ಮಿತಿ 65,536 ಬೈಟು. ಟೆಸ್ಟಿಂಗಿನಲ್ಲಿ ಹತ್ತು ಗ್ರಾಹಕರ ಪಟ್ಟಿ ತರಿಸಿದಾಗ ಎಲ್ಲ ಚೆನ್ನ; ಪ್ರೊಡಕ್ಷನ್ನಿನಲ್ಲಿ ಸಾವಿರಾರು ಸಾಲು ಬಂದಾಗ ಮಿತಿ ಮೀರಿತು ಎಂಬ ಎರರ್. ಆಗ ಸರ್ವರಿನ ಕಾನ್ಫಿಗ್ ಫೈಲಿನಲ್ಲಿ ಮಿತಿ ಏರಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಅದೇ ಎರರ್ ನೋಡಿ ಕೈಚೆಲ್ಲುವವರಿದ್ದಾರೆ. ಒಳಬರುವುದು ಯಾರ ಒಳಕ್ಕೆ ಎಂದು ಕೇಳಿಕೊಳ್ಳಬೇಕು. ಪಟ್ಟಿ ಬರುತ್ತಿರುವುದು ಕ್ಲೈಂಟಿನ ಒಳಕ್ಕೆ. ಏರಿಸಬೇಕಾದ ಮಿತಿ ಕ್ಲೈಂಟಿನ ಬೈಂಡಿಂಗಿನಲ್ಲಿದೆ.

ಹಾಗೆಂದು ಆಚೆ ಕಡೆ ತಪ್ಪೇ ಇರುವುದಿಲ್ಲ ಎಂದಲ್ಲ. ಆ ವಿಳಾಸದಲ್ಲಿ ಕೇಳಿಸಿಕೊಳ್ಳುವ ಎಂಡ್‌ಪಾಯಿಂಟ್ ಯಾವುದೂ ಇರಲಿಲ್ಲ ಎಂಬ ಎರರ್ ಬಂದರೆ, ಅದು ಬಂದ ಮೆಷಿನ್ನಿನಿಂದಲೇ ಬ್ರೌಸರಿನಲ್ಲಿ ಆ ವಿಳಾಸ ತೆರೆದು ನೋಡುವುದು ಮೊದಲ ಕೆಲಸ. ಅದೇ ಮೆಷಿನ್ ಎಂಬುದು ಇಲ್ಲಿ ಬಹಳ ಮುಖ್ಯ. ಲೋಕಲ್‌ಹೋಸ್ಟ್ ಎಂದು ಬರೆದ ವಿಳಾಸ ಬರೆದವರ ಲ್ಯಾಪ್‌ಟಾಪಿನಲ್ಲಿ ಅವರ ಲ್ಯಾಪ್‌ಟಾಪನ್ನು, ಸರ್ವರಿನಲ್ಲಿ ಸರ್ವರನ್ನೇ ತೋರಿಸುತ್ತದೆ. ಯಾವ ಕಡೆ ನಿಂತು ಓದುತ್ತೇವೆ ಎಂಬುದರ ಮೇಲೆ ಅರ್ಥ ಬದಲಾಗುವ ವಿಳಾಸ ಅದು.

ಈಗೀಗ ಈ ಪದದ ಹರವು ಹಿಗ್ಗಿದೆ, ಸ್ವಲ್ಪ ಸಡಿಲವೂ ಆಗಿದೆ. ರೆಸ್ಟ್ ಶೈಲಿಯ ಸೇವೆಗಳಲ್ಲಿ ಒಂದೊಂದು ಯುಆರ್‌ಎಲ್ಲಿಗೂ ಎಂಡ್‌ಪಾಯಿಂಟ್ ಎನ್ನುತ್ತಾರೆ. ಹೇಗೆ, ಏನು ಎಂಬ ಎರಡು ಅಂಗ ಕಳಚಿ ಎಲ್ಲಿ ಎಂಬುದಷ್ಟೇ ಮುಂದೆ ಬಂದಿದೆ. ಭದ್ರತೆಯವರಿಗೆ ಎಂಡ್‌ಪಾಯಿಂಟ್ ಎಂದರೆ ನೌಕರರ ಲ್ಯಾಪ್‌ಟಾಪು, ಫೋನು. ಔಷಧ ಪರೀಕ್ಷಿಸುವವರಿಗೆ ಪ್ರಯೋಗದ ಫಲವನ್ನು ಅಳೆಯುವ ಗುರುತು. ಕನ್ನಡದಲ್ಲಿ ತಾಂತ್ರಿಕ ಪಾಠ ಬರೆಯುವವರು ಅಂತ್ಯಬಿಂದು ಎಂದು ಬರೆಯುವುದು ನನಗೆ ಒಗ್ಗುವುದಿಲ್ಲ. ರೇಖಾಖಂಡಕ್ಕೆ ಅದು ಸರಿ. ಕಾನ್ಫಿಗ್ ಫೈಲಿನ ಮುಂದೆ ಕೂತವನ ಕಿವಿಗೆ ಅಂತ್ಯ ಎಂಬುದು ಮುಗಿಯಿತು ಎಂದೇ ಕೇಳಿಸುತ್ತದೆ. ಎಂಡ್‌ಪಾಯಿಂಟ್ ಎಂದೇ ಇಟ್ಟುಕೊಂಡು, ವಿವರಿಸುವಾಗ ಸೇವೆಯ ಕಡೆ, ಕ್ಲೈಂಟಿನ ಕಡೆ ಎಂದು ಬಿಡಿಸಿ ಹೇಳಿದರೆ ಹುಡುಗರಿಗೆ ತಟ್ಟನೆ ತಿಳಿಯುತ್ತದೆ.

ಪ್ರೋಗ್ರಾಮುಗಳನ್ನು ಹಲವು ಮೆಷಿನ್ನುಗಳಲ್ಲಿ ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್ ಬಂದ ಮೇಲೆ ಈ ಸಾಲನ್ನು ಕೈಯಿಂದ ಬರೆಯುವ ಕೆಲಸವೇ ಕಡಿಮೆಯಾಗುತ್ತಿದೆ. ಅಲ್ಲಿ ಸರ್ವಿಸ್ಸಿನ ಫೈಲಿನಲ್ಲಿ ಬರೆಯುವುದು ವಿಳಾಸವನ್ನಲ್ಲ, ಲೇಬಲ್ಲನ್ನು. ಆ ಲೇಬಲ್ ಹೊತ್ತು ಓಡುತ್ತಿರುವ, ಪ್ರೋಗ್ರಾಮನ್ನು ಒಳಗಿಟ್ಟುಕೊಂಡ ಪಾಡ್‌ಗಳನ್ನು ವ್ಯವಸ್ಥೆಯೇ ಹುಡುಕಿ ಎಂಡ್‌ಪಾಯಿಂಟುಗಳ ಪಟ್ಟಿ ಕಟ್ಟುತ್ತದೆ. ಪಾಡ್ ಸತ್ತರೆ ಅದರ ವಿಳಾಸ ಪಟ್ಟಿಯಿಂದ ಬೀಳುತ್ತದೆ, ಹೊಸದು ಹುಟ್ಟಿ ಸಿದ್ಧವಾದರೆ ಸೇರುತ್ತದೆ. ಸೇವೆ ಸಿಗುತ್ತಿಲ್ಲ ಎಂದಾಗ ಆ ಪಟ್ಟಿಯನ್ನು ಕೇಳಿ ನೋಡಿದರೆ ಎಷ್ಟೋ ಸಲ ‘ನನ್’ ಎಂಬ ಉತ್ತರ ಬರುತ್ತದೆ, ಒಂದೂ ಇಲ್ಲ ಎಂದು. ಸರ್ವಿಸ್ಸಿನ ಫೈಲಿನಲ್ಲಿ ಬರೆದ ಲೇಬಲ್ಲಿಗೂ ಪಾಡಿಗೆ ಹಚ್ಚಿದ ಲೇಬಲ್ಲಿಗೂ ಒಂದಕ್ಷರ ಹೆಚ್ಚುಕಡಿಮೆ ಆಗಿರುತ್ತದೆ. ಸಾವಿರಾರು ಪಾಡ್‌ಗಳಿದ್ದಾಗ ಒಂದೇ ಉದ್ದ ಪಟ್ಟಿ ಭಾರವಾಗುತ್ತದೆಂದು ಅದನ್ನು ತುಂಡು ತುಂಡಾಗಿ ಇಡುವ ಎಂಡ್‌ಪಾಯಿಂಟ್‌ಸ್ಲೈಸ್ 2021ರಲ್ಲಿ 1.21ನೇ ಆವೃತ್ತಿಯೊಂದಿಗೆ ಸ್ಥಿರವಾಯಿತು. ಹಳೆಯ ಪಟ್ಟಿಯ ಬದಲು ಇದನ್ನೇ ಬಳಸಿ ಎಂದು ಕುಬರ್ನೆಟಿಸ್ ಈಗ ಹೇಳುತ್ತಿದೆ.